ಬೀಜದ ಹೋತವನ್ನು ಮಳೆಗಾಲದಲ್ಲಿ ಆರಿಸಿ

ಪ್ರಶ್ನೆ: ನಮ್ಮದು ಕಲಬುರಗಿ ಜಿಲ್ಲೆಯ ಆಳಂದ ತಾಲೂಕು. 60 ಆಡು ಇವೆ, ಹೆಚ್ಚಿನವು ನಮ್ಮ ಸೀಮೆಯ ಉಸ್ಮಾನಾಬಾದಿ ತಳಿ. ಪ್ರತಿ ವರ್ಷ ಬಕ್ರೀದ್‌ಗೆ ದೊಡ್ಡ ಹೋತಗಳನ್ನು ಮಾರಿ, ಉಳಿದದ್ದರಲ್ಲಿ ಒಂದನ್ನು ಬೀಜಕ್ಕೆ ಬಿಡುತ್ತಾ ಬಂದಿದ್ದೇವೆ. ಎರಡು ವರ್ಷದ ಹಿಂದೆ ಜಾಸ್ತಿ ದುಡ್ಡು ಕೊಟ್ಟು ಬೋಯರ್ ಅನ್ನುವ ಹೊರದೇಶದ ಮಾಂಸದ ತಳಿಯ ಕ್ರಾಸ್ ಹೋತ ತಂದೆವು. ಅದರ ಮರಿಗಳು ಹುಟ್ಟಿದಾಗ ದಪ್ಪ ಇದ್ದವು. ಮಳೆಗಾಲದಲ್ಲಿ ಸೊರಗಿ, ಗದ್ದದ ಕೆಳಗೆ ಬಾವು ಬಂದು ಕೆಲವು ಸತ್ತವು. ಎರಡು ತಿಂಗಳಿಗೊಮ್ಮೆ ಎಲ್ಲಕ್ಕೂ ಜಂತಿನ ಔಷಧ ಕುಡಿಸುತ್ತೇವೆ. ಈಗ 12 ಹೋತಮರಿ ಇವೆ: ಹಳೇ ಉಸ್ಮಾನಾಬಾದಿ ಹೋತದ್ದು 7, ಬೋಯರ್ ಕ್ರಾಸ್‌ದು 5. ಹೊರದೇಶದಲ್ಲಿ ಹೋತಗಳಿಗೆ ಪರೀಕ್ಷೆ ಇಟ್ಟು ಆರಿಸುತ್ತಾರಂತೆ. ನಮ್ಮಂಥವರು ಅದನ್ನು ಮಾಡಲಿಕ್ಕೆ ಆಗುತ್ತದಾ ಸರ್?

ಉತ್ತರ: ಆಗುತ್ತದೆ. ನಿಮ್ಮ ಊರಲ್ಲೇ, ನಿಮ್ಮ 12 ಮರಿಗಳ ಮೇಲೆಯೇ ಆಗುತ್ತದೆ. ಬೇಕಾದದ್ದು ನೇತುಹಾಕುವ ಒಂದು ತಕ್ಕಡಿ, ಒಂದು ನೋಟ್‌ಬುಕ್, ಹಿಕ್ಕೆ ಪರೀಕ್ಷೆ ಮಾಡಿಕೊಡುವ ಒಂದು ಲ್ಯಾಬ್. ಇವೆಲ್ಲಕ್ಕಿಂತ ಮೊದಲು ಬೇಕಾದದ್ದು, ಮಳೆಗಾಲ ಮುಗಿಯುವ ತನಕ 12ರಲ್ಲಿ ಒಂದನ್ನೂ ಮಾರುವುದಿಲ್ಲ ಅನ್ನುವ ಗಟ್ಟಿ ಮನಸ್ಸು.

ಯಾಕೆ ಅಂತ ಹೇಳುತ್ತೇನೆ. ನೀವು ಬರೆದ ಒಂದು ಸಾಲು ಕಲಬುರಗಿ, ಬೀದರ್, ಯಾದಗಿರಿ ಈ ಮೂರೂ ಜಿಲ್ಲೆಯ ಆಡು ಸಾಕಣೆಯ ದೊಡ್ಡ ನಷ್ಟ. ದೊಡ್ಡ ಹೋತ ಬಕ್ರೀದ್‌ಗೆ, ಉಳಿದದ್ದು ಬೀಜಕ್ಕೆ. ಬೇಗ ಬೆಳೆದದ್ದಕ್ಕೆ ಒಳ್ಳೆ ರೇಟು ಬರುತ್ತದೆ, ಅದು ಹೋಗಿಬಿಡುತ್ತದೆ. ಯಾರೂ ಕೇಳದ ಹೋತ ಹಟ್ಟಿಯಲ್ಲಿ ಉಳಿದು ಮುಂದಿನ ವರ್ಷದ ಅಷ್ಟೂ ಮರಿಗಳಿಗೆ ಅಪ್ಪ ಆಗುತ್ತದೆ. ಒಂದು ಹೆಣ್ಣಾಡು ವರ್ಷಕ್ಕೆ ಎರಡೋ ಮೂರೋ ಮರಿ ಕೊಟ್ಟೀತು. ಒಂದು ಹೋತ ಅದೇ ವರ್ಷ ಐವತ್ತು ಅರವತ್ತು ಮರಿಗೆ ತನ್ನ ಗುಣ ಹಂಚುತ್ತದೆ. ಹಾಗಾಗಿ ಹಿಂಡಿನಲ್ಲಿ ಕಣ್ಣಿಟ್ಟು ಆರಿಸಬೇಕಾದದ್ದು ಹೋತವನ್ನೇ. ನಾವು ಆರಿಸುತ್ತಿಲ್ಲ, ಸಂತೆ ಬಿಟ್ಟುಹೋದದ್ದನ್ನು ಇಟ್ಟುಕೊಳ್ಳುತ್ತಿದ್ದೇವೆ.

ಇನ್ನೊಂದು ತೊಡಕಿದೆ. ಕಣ್ಣಿಗೆ ದೊಡ್ಡದಾಗಿ ಕಾಣುವ ಮರಿ ಬಹಳ ಸಲ ಒಂಟಿಯಾಗಿ ಹುಟ್ಟಿದ್ದಾಗಿರುತ್ತದೆ. ತಾಯಿ ಹಾಲು ಪೂರಾ ಅದಕ್ಕೇ. ಅಥವಾ ಬೇರೆಯವಕ್ಕಿಂತ ಒಂದು ತಿಂಗಳು ಮೊದಲು ಹುಟ್ಟಿರುತ್ತದೆ. ಅವಳಿಯಲ್ಲಿ ಬೆಳೆದ ಮರಿ ಅದರ ಪಕ್ಕದಲ್ಲಿ ಸಣ್ಣದಾಗಿ ಕಂಡರೂ ಅದರ ರಕ್ತದಲ್ಲಿ ಇರುವ ಬೆಳವಣಿಗೆ ಜಾಸ್ತಿಯೇ ಇರಬಹುದು. ಉಸ್ಮಾನಾಬಾದಿಯ ದೊಡ್ಡ ಆಸ್ತಿಯೇ ಅವಳಿ ಹಾಕುವ ಗುಣ. ಬರೀ ಗಾತ್ರ ನೋಡಿ ಒಂಟಿ ಮರಿಗಳನ್ನೇ ಬೀಜಕ್ಕೆ ಬಿಡುತ್ತಾ ಹೋದರೆ ಆ ಆಸ್ತಿ ಮೆಲ್ಲಗೆ ಕರಗುತ್ತದೆ. ಅದಕ್ಕೇ ನೋಟ್‌ಬುಕ್‌ನಲ್ಲಿ ಮೊದಲು ಬರೆಯಬೇಕಾದದ್ದು ಹುಟ್ಟಿದ ತಾರೀಖು, ತಾಯಿ ಯಾವುದು, ತಂದೆ ಯಾವುದು, ಒಂಟಿಯೋ ಅವಳಿಯೋ. ಲೆಕ್ಕ ಹಾಕುವಾಗ ಅವಳಿಯನ್ನು ಅವಳಿಯ ಜೊತೆ ಹೋಲಿಸಿ, ಒಂಟಿಯನ್ನು ಒಂಟಿಯ ಜೊತೆ.

ಈಗ ಪರೀಕ್ಷೆ ಅಂದರೆ ಏನು ಅನ್ನುವುದಕ್ಕೆ ಬರೋಣ. ಒಂದೇ ವಯಸ್ಸಿನ ಮರಿಗಳನ್ನು ಒಂದೇ ಜಾಗದಲ್ಲಿ, ಒಂದೇ ಮೇವಿನಲ್ಲಿ, ಒಂದೇ ಕಾಲದಲ್ಲಿ ಬೆಳೆಸಿ ಅಳೆಯುವುದು, ಅಷ್ಟೇ. ಮೇವು, ನೀರು, ಹುಳು ಎಲ್ಲ ಸಮ ಇದ್ದಾಗ ಉಳಿಯುವ ವ್ಯತ್ಯಾಸದಲ್ಲಿ ಹುಟ್ಟುಗುಣದ ಪಾಲು ಜಾಸ್ತಿ ಇರುತ್ತದೆ. ಅಮೆರಿಕದ ಕೆಲವು ಕೇಂದ್ರಗಳಲ್ಲಿ ಹೋತಗಳನ್ನು ಕೊಟ್ಟಿಗೆಯಲ್ಲಿ ಕಟ್ಟಿ, ಹಿಂಡಿ ತಿನ್ನಿಸಿ ಪರೀಕ್ಷೆ ಮಾಡುತ್ತಿದ್ದರು. ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ವಿಸ್ತರಣಾ ವಿಭಾಗ 2006ರಲ್ಲಿ ಕೀಡಿಸ್ವಿಲ್ ಅನ್ನುವಲ್ಲಿ ಬೇರೆ ದಾರಿ ಹಿಡಿಯಿತು. ಬೇರೆ ಬೇರೆ ರೈತರ ಹೋತಮರಿಗಳನ್ನು ಒಟ್ಟಿಗೆ ತಂದು ಹುಲ್ಲುಗಾವಲಿನಲ್ಲಿ ಮೇಯಲು ಬಿಟ್ಟರು. ತೂಕ, ಹಿಕ್ಕೆಯಲ್ಲಿನ ಹುಳುವಿನ ಮೊಟ್ಟೆ, ಕಣ್ಣಿನ ಬಣ್ಣ ಎಲ್ಲವನ್ನೂ ಬರೆದಿಟ್ಟರು. ನಮಗೆ ಒಪ್ಪುವುದು ಈ ಎರಡನೇ ದಾರಿ. ನಿಮ್ಮ ಆಡು ಬದುವಿನ ಮೇಲೆ, ಕುರುಚಲು ಗುಡ್ಡದಲ್ಲಿ ಮೇಯ್ದು ಬದುಕಬೇಕು. ಕೊಟ್ಟಿಗೆಯಲ್ಲಿ ಗೆದ್ದ ಹೋತ ಅಲ್ಲೂ ಗೆಲ್ಲುತ್ತದೆ ಅನ್ನುವ ಖಾತ್ರಿ ಇಲ್ಲ. ನಿಮ್ಮ ಬೋಯರ್ ಕ್ರಾಸ್ ಮರಿಗಳ ಕಥೆಯೂ ಇದೇ ಅಲ್ವಾ?

ಕಾಲ: ಜುಲೈ ಮೊದಲ ವಾರದಿಂದ ಸೆಪ್ಟೆಂಬರ್ ಕೊನೆ. ಸುಮಾರು 84 ದಿನ. ಜನವರಿ, ಫೆಬ್ರವರಿಯಲ್ಲಿ ಹುಟ್ಟಿದ ಮರಿಗಳು ಆ ಹೊತ್ತಿಗೆ ನಾಲ್ಕರಿಂದ ಆರು ತಿಂಗಳಿನವು, ಹಾಲು ಬಿಟ್ಟಿರುತ್ತವೆ. ಗುಂಪಿನಲ್ಲಿ ಅತಿ ದೊಡ್ಡದಕ್ಕೂ ಅತಿ ಚಿಕ್ಕದಕ್ಕೂ ವಯಸ್ಸಿನ ಅಂತರ ಐದಾರು ವಾರ ಮೀರಬಾರದು. ಮೀರಿದವನ್ನು ಜೊತೆಗೇ ಮೇಯಿಸಿ, ಹೋಲಿಕೆಗೆ ಮಾತ್ರ ತೆಗೆದುಕೊಳ್ಳಬೇಡಿ. ಶುರುವಿಗೆ ಎರಡು ಮೂರು ವಾರ ಮೊದಲೇ ಪಿಪಿಆರ್ (ಆಡು ಕುರಿಗಳಿಗೆ ಹರಡುವ ಪ್ಲೇಗಿನಂಥ ರೋಗ) ಮತ್ತು ಕರುಳುಬೇನೆ ಲಸಿಕೆ ಆಗಿರಲಿ. ಈ ವಯಸ್ಸಿನ ಹೋತಮರಿ ಹೆಣ್ಣಾಡಿನ ಮೇಲೆ ಏರಲು ಶುರುಮಾಡಿರುತ್ತದೆ. ಆದಷ್ಟು ಬೇರೆ ಮೇಯಿಸಿ. ಆಗದಿದ್ದರೆ ನಮ್ಮ ಕುರಿಗಾರರು ಮಾಡುವ ಹಾಗೆ ಹೊಟ್ಟೆಯ ಕೆಳಗೆ ಗೋಣಿತಾಟು ಕಟ್ಟಿ ಹಿಂಡಿನಲ್ಲಿ ಬಿಡಿ.

ನಂಬರ್ ಹಾಕುವಾಗ ಒಂದು ಮಾತು. ಕಿವಿ ಕತ್ತರಿಸಿ ಗುರುತು ಮಾಡಬೇಡಿ. ಕಿವಿ ಹರಿದ, ಕೊಂಬು ಮುರಿದ ಹೋತವನ್ನು ಕುರ್ಬಾನಿಗೆ ಕೊಳ್ಳುವವರು ಮುಟ್ಟುವುದಿಲ್ಲ. ಕೊರಳಿಗೆ ಗಟ್ಟಿ ಪಟ್ಟಿ ಕಟ್ಟಿ ಅದರ ಮೇಲೆ ನಂಬರ್ ಬರೆಯಿರಿ. ಎರಡು ವಾರಕ್ಕೊಮ್ಮೆ ಸಡಿಲಿಸಿ, ಮರಿ ಬೆಳೆಯುತ್ತಿರುತ್ತದೆ.

ತೂಕವನ್ನು 14 ದಿನಕ್ಕೊಮ್ಮೆ ಹಾಕಿ. ಬೆಳಿಗ್ಗೆ, ಮೇಯಲು ಬಿಡುವ ಮೊದಲು, ಪ್ರತಿ ಸಲ ಅದೇ ಹೊತ್ತಿಗೆ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಯಾಕೆಂದರೆ ಸಂಜೆ ಹೊಟ್ಟೆ ತುಂಬ ಮೇಯ್ದು ನೀರು ಕುಡಿದ ಮರಿ ಬೆಳಗಿಗಿಂತ ಎರಡು ಕೆಜಿ ಜಾಸ್ತಿ ತೂಗಬಹುದು. ಆ ಎರಡು ಕೆಜಿ ಒಂದು ತಿಂಗಳ ಬೆಳವಣಿಗೆಗೆ ಸಮ! ಶುರುವಿನ ತೂಕ ಮತ್ತು ಕೊನೆಯ ತೂಕವನ್ನು ಎರಡೆರಡು ದಿನ ಹಾಕಿ ಸರಾಸರಿ ತೆಗೆಯಿರಿ. ಕೊನೆಯದರಲ್ಲಿ ಮೊದಲಿನದನ್ನು ಕಳೆದು 84ರಿಂದ ಭಾಗಿಸಿದರೆ ದಿನಕ್ಕೆ ಎಷ್ಟು ಗ್ರಾಂ ಹೆಚ್ಚಿತು ಅಂತ ಸಿಗುತ್ತದೆ. ಟೇಪಿನಿಂದ ಎದೆ ಸುತ್ತಳತೆ ತೆಗೆದು ತೂಕ ಅಂದಾಜು ಮಾಡುವ ಲೆಕ್ಕವೂ ಇದೆ. ಔಷಧದ ಪ್ರಮಾಣ ತಿಳಿಯಲು ಅದು ನಡೆಯುತ್ತದೆ. ಮರಿಗಳ ನಡುವಿನ ಅರ್ಧ ಕೆಜಿ ವ್ಯತ್ಯಾಸ ಹಿಡಿಯಲು ನಡೆಯುವುದಿಲ್ಲ. ಡಿಜಿಟಲ್ ತಕ್ಕಡಿ ಮತ್ತು ಒಂದು ಗೋಣಿಚೀಲದ ಜೋಲಿ ಸಾಕು.

ಮೇವಿಗೆ ದಿನವೂ ಮೇಯುವುದೇ ಇರಲಿ. ಸಂಜೆ ಬೇಳೆ ಮಿಲ್ಲಿನ ತೊಗರಿ ಚುನ್ನಿ (ಬೇಳೆ ನುಚ್ಚು, ಹೊಟ್ಟು) ಒಂದೊಂದಕ್ಕೆ 100 ಗ್ರಾಂ ಕೊಡುವ ರೂಢಿ ಇದ್ದರೆ ಕೊಡಿ, ಆದರೆ 12ಕ್ಕೂ ಸಮ ಸಿಗಲಿ. ಗಿಡ್ಡ ಬಾನಿಯಲ್ಲಿ ಸುರಿದರೆ ಜೋರಿರುವ ಎರಡು ಮರಿ ಗುದ್ದಿ ಎಲ್ಲ ತಿನ್ನುತ್ತವೆ. ಆಮೇಲೆ ನೀವು ಅಳೆಯುವುದು ಬೆಳವಣಿಗೆಯನ್ನಲ್ಲ, ದಬ್ಬಾಳಿಕೆಯನ್ನು. ಎಲ್ಲದರ ಮುಖ ಒಟ್ಟಿಗೆ ಹಿಡಿಸುವಷ್ಟು ಉದ್ದದ ದೋಣಿ ಇಡಿ.

ಮಾಂಸದ ತುಂಬು ನೋಡುವುದು ತೂಕಕ್ಕಿಂತ ಬೇರೆ ವಿಷಯ. ಒಂದೇ ತೂಕದ ಎರಡು ಹೋತಗಳಲ್ಲಿ ಒಂದಕ್ಕೆ ದೊಡ್ಡ ಹೊಟ್ಟೆ, ಇನ್ನೊಂದಕ್ಕೆ ತುಂಬಿದ ಸೊಂಟ ಇರಬಹುದು. ವಿದೇಶದ ಪರೀಕ್ಷೆಗಳಲ್ಲಿ 12ನೇ ಮತ್ತು 13ನೇ ಪಕ್ಕೆಲುಬಿನ ನಡುವೆ ಅಲ್ಟ್ರಾಸೌಂಡ್ ಇಟ್ಟು ಬೆನ್ನಿನ ಮಾಂಸಖಂಡದ ಅಗಲ, ಆಳ ಅಳೆಯುತ್ತಾರೆ. ನಿಮಗೆ ಕೈಯೇ ಅಲ್ಟ್ರಾಸೌಂಡ್. ಹೋತವನ್ನು ಸಮನೆಲದ ಮೇಲೆ ನಾಲ್ಕೂ ಕಾಲು ನೇರ ಇರುವಂತೆ ನಿಲ್ಲಿಸಿ. ಕೊನೆಯ ಪಕ್ಕೆಲುಬಿನ ಹಿಂದೆ, ಬೆನ್ನುಮೂಳೆಯ ಎರಡೂ ಬದಿಗೆ ಹೆಬ್ಬೆರಳು ಮತ್ತು ಬೆರಳುಗಳನ್ನು ಇಟ್ಟು ಒತ್ತಿ. ಮೂಳೆಯ ಮುಳ್ಳು ಚೂಪಾಗಿ ಸಿಕ್ಕಿ, ಪಕ್ಕದಲ್ಲಿ ತಗ್ಗು ಬಿದ್ದಿದ್ದರೆ ಮಾಂಸ ಕಡಿಮೆ. ಪಕ್ಕ ಉಬ್ಬಿ, ಬೆರಳಿಗೆ ಗಟ್ಟಿ ತುಂಬು ಸಿಕ್ಕರೆ ಒಳ್ಳೇದು. ಆಮೇಲೆ ಹಿಂದೆ ಹೋಗಿ ತೊಡೆ ನೋಡಿ. ಎರಡು ತೊಡೆಯ ನಡುವಿನ ಸಂದು ಮೇಲಿನ ತನಕ ಹರಿದು ಕಾಣುತ್ತದೋ, ಮಾಂಸ ಕೆಳಗಿನ ತನಕ ಇಳಿದಿದೆಯೋ? ಮುಂಗಾಲಿನ ಮೇಲ್ಭಾಗವನ್ನೂ ಹಿಡಿದು ನೋಡಿ. ಆ ಜಾಗದಲ್ಲಿ ಕೊಬ್ಬು ಅಷ್ಟಾಗಿ ಕೂರುವುದಿಲ್ಲ, ಹಾಗಾಗಿ ಅದು ಸುಳ್ಳು ಹೇಳುವುದು ಕಡಿಮೆ. ಆಡಿನ ಕೊಬ್ಬು ಕುರಿಯ ಹಾಗೆ ಚರ್ಮದ ಕೆಳಗೆ ಮೊದಲು ಬರುವುದಿಲ್ಲ. ಕರುಳಿನ ಸುತ್ತ, ಮೂತ್ರಪಿಂಡದ ಸುತ್ತ ತುಂಬುತ್ತದೆ. ಅದಕ್ಕೇ ಆಡಿನ ಬೆನ್ನಿನಲ್ಲಿ ಸಿಗುವ ತುಂಬು ಹೆಚ್ಚಾಗಿ ನಿಜವಾದ ಮಾಂಸವೇ. ಒಬ್ಬರೇ ಮುಟ್ಟಿ 1ರಿಂದ 5 ಅಂಕ ಕೊಡಲಿ. ಎರಡು ಕೈ ಎರಡು ಥರ ಅಳೆಯುತ್ತದೆ.

ಇನ್ನು ಹುಳು. ನಿಮ್ಮ ಮರಿಗಳು ಸತ್ತದ್ದು ಇಲ್ಲೇ ಅಂತ ನನ್ನ ಅಂದಾಜು.

ಗದ್ದದ ಕೆಳಗೆ ಬಾವು ಬಂತು ಅಂದಿರಿ. ಅದು ರಕ್ತ ಬತ್ತಿದ್ದರ ಗುರುತು. ಮಳೆಗಾಲದಲ್ಲಿ ಇದನ್ನು ಮಾಡುವ ಮುಖ್ಯ ಹುಳು ಹಿಮಾಂಕಸ್. ಆಡಿನ ನಾಲ್ಕನೇ ಹೊಟ್ಟೆಯಲ್ಲಿ ಕೂತು ರಕ್ತ ಹೀರುತ್ತದೆ. ಸತ್ತ ಮರಿಯ ಆ ಹೊಟ್ಟೆ ಸೀಳಿ ನೋಡಿದರೆ ದಾರದಂಥ, ಒಂದು ಇಂಚಿಗೂ ಕಡಿಮೆ ಉದ್ದದ ಹುಳುಗಳು ಕಾಣುತ್ತವೆ. ಹೆಣ್ಣುಹುಳುವಿನಲ್ಲಿ ಕೆಂಪು ಬಿಳಿ ಎಳೆ ಹೆಣೆದುಕೊಂಡಿರುತ್ತವೆ. ಕೆಂಪು ಎಳೆ ಅಂದರೆ ಅದು ಕುಡಿದ ರಕ್ತ. ಒಂದು ಹುಳು ದಿನಕ್ಕೆ ಸುಮಾರು 0.05 ಮಿಲಿ ರಕ್ತ ಖಾಲಿ ಮಾಡುತ್ತದೆ. ಸಾವಿರ ಹುಳು ಇದ್ದರೆ ದಿನಕ್ಕೆ 50 ಮಿಲಿ. 20 ಕೆಜಿ ಮರಿಯ ಮೈಯಲ್ಲಿ ಇರುವ ಒಟ್ಟು ರಕ್ತವೇ ಒಂದೂವರೆ ಲೀಟರಿನ ಆಸುಪಾಸು. ಎಷ್ಟು ದಿನ ತಡೆದೀತು ನೀವೇ ಲೆಕ್ಕ ಹಾಕಿ.

ಒಂದು ಹೆಣ್ಣುಹುಳು ದಿನಕ್ಕೆ ಐದಾರು ಸಾವಿರ ಮೊಟ್ಟೆ ಇಡುತ್ತದೆ. ಮೊಟ್ಟೆ ಹಿಕ್ಕೆಯಲ್ಲಿ ಬಿದ್ದು, ಹಸಿ ಮತ್ತು ಸೆಕೆ ಎರಡೂ ಇದ್ದರೆ ಒಂದು ವಾರದಲ್ಲಿ ಮರಿಹುಳುವಾಗಿ ಹುಲ್ಲು ಏರುತ್ತದೆ. ಹೆಚ್ಚಿನವು ನೆಲದಿಂದ ಎರಡು ಮೂರು ಇಂಚಿನೊಳಗೇ ಇರುತ್ತವೆ. ಆಡು ಅದನ್ನು ತಿಂದ ಮೂರು ವಾರಕ್ಕೆ ಒಳಗಿನ ಹುಳು ಮತ್ತೆ ಮೊಟ್ಟೆ ಇಡಲು ತಯಾರು. ಏಪ್ರಿಲ್, ಮೇ ಬಿಸಿಲಿಗೆ ನಮ್ಮ ಎರೆಹೊಲ ಬಿರುಕು ಬಿಡುವಾಗ ಇದರ ಆಟ ನಡೆಯುವುದಿಲ್ಲ. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಬದುವಿನ ಮೇಲೆ ಗಿಡ್ಡ ಹಸಿರು ಹುಲ್ಲು ಇರುವಾಗ ಪೂರ್ತಿ ಇದರದ್ದೇ ರಾಜ್ಯ. ಆಡು ಮೂಲತಃ ತಲೆ ಎತ್ತಿ ಜಾಲಿ, ಬಾರಿ ಸೊಪ್ಪು ಕೀಳುವ ಪ್ರಾಣಿ. ನೆಲದ ಹುಲ್ಲಿನ ಹುಳುವಿನ ವಿರುದ್ಧ ಕುರಿಗೆ ಇರುವಷ್ಟು ಶಕ್ತಿಯೂ ಅದಕ್ಕಿಲ್ಲ. ಗುಡ್ಡ, ಗೈರಾಣ (ಗೋಮಾಳ) ಕಡಿಮೆಯಾಗಿ ನಾವು ಅದನ್ನು ಬದುವಿನ ಹುಲ್ಲಿಗೆ ತಂದು ನಿಲ್ಲಿಸಿದ್ದೇವೆ.

ಎಲ್ಲ ಆಡೂ ಒಂದೇ ಥರ ಹುಳು ಹೊರುವುದಿಲ್ಲ ಅನ್ನುವುದೇ ಈ ಪರೀಕ್ಷೆಯ ಬೇರು. ಹಿಂಡಿನ ಕಾಲುಭಾಗದಷ್ಟು ಪ್ರಾಣಿಗಳಲ್ಲಿ ಮುಕ್ಕಾಲು ಪಾಲು ಹುಳು ಇರುತ್ತದೆ. ಉಳಿದವು ಅದೇ ಹುಲ್ಲು ತಿಂದೂ ಗಟ್ಟಿ ಇರುತ್ತವೆ. ಆ ಗಟ್ಟಿತನದ ಒಂದು ಪಾಲು ರಕ್ತದಲ್ಲಿ ಬರುತ್ತದೆ, ಮರಿಗೂ ಇಳಿಯುತ್ತದೆ. ತೂಕದ ಗುಣ ಇಳಿಯುವಷ್ಟು ಬೇಗ ಅಲ್ಲ. ಆದರೂ ನಾಲ್ಕೈದು ಪೀಳಿಗೆ ಬಿಡದೆ ಆರಿಸಿದರೆ ಹಿಂಡು ಬದಲಾಗುತ್ತದೆ.

ಈಗ ನಿಮಗೆ ಕಷ್ಟ ಅನ್ನಿಸುವ ಮಾತು. ಎರಡು ತಿಂಗಳಿಗೊಮ್ಮೆ ಎಲ್ಲಕ್ಕೂ ಔಷಧ ಕುಡಿಸುವುದನ್ನು ಈ ಗುಂಪಿನಲ್ಲಿ ನಿಲ್ಲಿಸಬೇಕು. ಔಷಧದ ಕೆಳಗೆ ಎಲ್ಲ ಹೋತವೂ ಒಂದೇ ಥರ ಕಾಣುತ್ತವೆ. ತಡೆಯುವುದು ಯಾವುದು, ಸೋಲುವುದು ಯಾವುದು ಗೊತ್ತೇ ಆಗುವುದಿಲ್ಲ. ಅಷ್ಟೇ ಅಲ್ಲ, ಹಾಗೆ ಇಡೀ ಹಿಂಡಿಗೆ ಕುಡಿಸುತ್ತಾ ಬಂದರೆ ಔಷಧಕ್ಕೆ ಸಾಯದ ಹುಳುಗಳಷ್ಟೇ ಉಳಿದು ಹೊಲ ತುಂಬುತ್ತವೆ. ನಿಮ್ಮ ಔಷಧ ಈಗಾಗಲೇ ಕೆಲಸ ನಿಲ್ಲಿಸಿರಬಹುದು. ಪರೀಕ್ಷೆಯ ಮೊದಲ ಹೆಜ್ಜೆಯಲ್ಲೇ ಅದು ಗೊತ್ತಾಗುತ್ತದೆ.

ಮೊದಲ ದಿನ 12 ಮರಿಗಳ ಹಿಕ್ಕೆ ತೆಗೆಯಿರಿ. ಅದೇ ದಿನ ತೂಕ ನೋಡಿ ಒಂದು ಸಲ ಔಷಧ ಕುಡಿಸಿ. 14ನೇ ದಿನ ಮತ್ತೆ ಹಿಕ್ಕೆ ತೆಗೆಯಿರಿ. ಮೊಟ್ಟೆಗಳ ಸಂಖ್ಯೆ 95 ಶೇಕಡಾ ಅಥವಾ ಅದಕ್ಕಿಂತ ಜಾಸ್ತಿ ಇಳಿದಿದ್ದರೆ ಔಷಧ ಸರಿ ಇದೆ. ಇಳಿಯದಿದ್ದರೆ ಹುಳು ಆ ಔಷಧಕ್ಕೆ ಒಗ್ಗಿಕೊಂಡಿದೆ ಅಂತ ಅನುಮಾನಿಸಿ, ಡಾಕ್ಟರನ್ನು ಕೇಳಿ ಬೇರೆ ಗುಂಪಿನ ಔಷಧಕ್ಕೆ ಹೋಗಬೇಕು. ಬೇರೆ ಕಂಪನಿ ಹೆಸರಿನ ಅದೇ ಔಷಧ ಅಲ್ಲ, ಡಬ್ಬಿಯ ಮೇಲಿನ ಮೂಲ ಔಷಧದ ಹೆಸರು ಓದಿ. ಆಡಿನ ಮೈ ಔಷಧವನ್ನು ಕುರಿಗಿಂತ ಬೇಗ ಹೊರಹಾಕುತ್ತದೆ. ಕುರಿಯ ಪ್ರಮಾಣವನ್ನೇ ಆಡಿಗೆ ಹಾಕಿದರೆ ಕಡಿಮೆ ಬೀಳುತ್ತದೆ. ಯಾವ ಔಷಧಕ್ಕೆ ಎಷ್ಟು ಅನ್ನುವುದನ್ನು ನಿಮ್ಮ ಪಶುವೈದ್ಯರೇ ಬರೆದುಕೊಡಲಿ. ಇನ್ನೊಂದು: ಕ್ಲೋಸಾಂಟೆಲ್‌ನಂಥ, ವಾರಗಟ್ಟಲೆ ರಕ್ತದಲ್ಲಿ ಉಳಿಯುವ ಔಷಧ ಈ ಮೊದಲ ಸಲಕ್ಕೆ ಬೇಡ. ಅದು ಹೊಸ ಹುಳು ಸೇರದಂತೆ ತಡೆದು ನಿಮ್ಮ ಪರೀಕ್ಷೆಯ ಒಂದು ತಿಂಗಳನ್ನೇ ತಿಂದುಬಿಡುತ್ತದೆ.

ಹೀಗೆ ಎಲ್ಲ ಮರಿಗಳೂ ಸೊನ್ನೆಯಿಂದ ಶುರುಮಾಡಿದವು. ಇನ್ನು ಮಳೆ, ಹುಲ್ಲು, ಹುಳು ಅದರ ಪಾಡಿಗೆ ನಡೆಯಲಿ. 42, 56, 70, 84ನೇ ದಿನ ಹಿಕ್ಕೆ ತೆಗೆಯಿರಿ. ನೆಲದ ಮೇಲಿನದ್ದು ಬೇಡ. ಕೈಗೆ ಪ್ಲಾಸ್ಟಿಕ್ ಗವಸು ಹಾಕಿ, ಬೆರಳಿಗೆ ಸ್ವಲ್ಪ ಎಣ್ಣೆ ಹಚ್ಚಿ ಗುದದಿಂದಲೇ ತೆಗೆದರೆ ಯಾವ ಮರಿಯದ್ದು ಅನ್ನುವ ಗೊಂದಲ ಇರುವುದಿಲ್ಲ. ನಾಲ್ಕೈದು ಗ್ರಾಂ ಸಾಕು, ಅಂದರೆ ಹತ್ತು ಹನ್ನೆರಡು ಹಿಕ್ಕೆ. ಸಣ್ಣ ಚೀಲದಲ್ಲಿ ಗಾಳಿ ತೆಗೆದು ಕಟ್ಟಿ, ನಂಬರ್ ಬರೆದು, ಐಸ್ ಇಟ್ಟ ಡಬ್ಬಿಯಲ್ಲಿ ಹಾಕಿ. ನಮ್ಮ ಸೆಕೆಯಲ್ಲಿ ಒಂದು ದಿನ ಹೊರಗೆ ಇಟ್ಟರೆ ಮೊಟ್ಟೆ ಒಡೆದು ಲೆಕ್ಕ ತಪ್ಪುತ್ತದೆ. ಫ್ರೀಜರಿನಲ್ಲಿಯೂ ಇಡಬೇಡಿ.

ಲ್ಯಾಬಿನಲ್ಲಿ ಮಾಡುವುದು ಇಷ್ಟು: 2 ಗ್ರಾಂ ಹಿಕ್ಕೆಯನ್ನು 28 ಮಿಲಿ ಗಟ್ಟಿ ಉಪ್ಪುನೀರಿನಲ್ಲಿ ಕಲಸಿ ಸೋಸುತ್ತಾರೆ. ಮೊಟ್ಟೆ ತೇಲಿ ಮೇಲೆ ಬರುತ್ತದೆ. ಮ್ಯಾಕ್‌ಮಾಸ್ಟರ್ ಅನ್ನುವ ಗೆರೆ ಕೊರೆದ ಗಾಜಿನ ಎರಡು ಕೋಣೆಗಳಲ್ಲಿ ಎಣಿಸಿ, ಒಟ್ಟನ್ನು 50ರಿಂದ ಗುಣಿಸುತ್ತಾರೆ. 24 ಮೊಟ್ಟೆ ಕಂಡರೆ ಒಂದು ಗ್ರಾಂಗೆ 1,200. ತಾಲೂಕು ಪಶು ಆಸ್ಪತ್ರೆಯಲ್ಲಿ ಮೊದಲು ಕೇಳಿ. ಬರೀ ಹುಳು ಇದೆ, ಇಲ್ಲ ಅನ್ನುವ ಉತ್ತರ ನಿಮಗೆ ಸಾಲದು, ಸಂಖ್ಯೆ ಬೇಕು ಅಂತ ಮೊದಲೇ ಹೇಳಿ. ಅಲ್ಲಿ ಆಗದಿದ್ದರೆ ಬೀದರ್‌ನ ನಂದಿನಗರದಲ್ಲಿ ಪಶು ವೈದ್ಯಕೀಯ ವಿಶ್ವವಿದ್ಯಾಲಯವೇ ಇದೆ. ಅಲ್ಲಿನ ಕಾಲೇಜಿನ ಪರೋಪಜೀವಿ ವಿಭಾಗದವರನ್ನು ವಿಚಾರಿಸಿ.

ಒಂದೇ ಸಲದ ಸಂಖ್ಯೆ ನಂಬಬೇಡಿ. ಇವತ್ತು 300 ಇದ್ದದ್ದು ಹದಿನೈದು ದಿನಕ್ಕೆ 1,500 ಆಗಬಹುದು. ನಾಲ್ಕರ ಸರಾಸರಿಯೇ ಆ ಹೋತದ ಅಂಕ. ಗುಂಪಿನ ಸರಾಸರಿ 500 ದಾಟದಿದ್ದರೆ ಆ ವರ್ಷ ಹುಳುವಿನ ಒತ್ತಡವೇ ಬಿದ್ದಿಲ್ಲ ಅಂತ ಅರ್ಥ. ಮಳೆ ಕೈಕೊಟ್ಟ ವರ್ಷ ಹೀಗಾಗುತ್ತದೆ. ಆಗ ಬೆಳವಣಿಗೆಯ ಲೆಕ್ಕ ಇಟ್ಟುಕೊಂಡು ಹುಳುವಿನ ತೀರ್ಮಾನವನ್ನು ಮುಂದಿನ ಮಳೆಗೆ ಬಿಡಿ. ಕಡಿಮೆ ಸಂಖ್ಯೆ ಕಂಡ ಕೂಡಲೇ ಇದು ತಡೆಯುವ ಹೋತ ಅಂತ ಹಿಗ್ಗಬೇಡಿ.

ಔಷಧ ನಿಲ್ಲಿಸಿದರೆ ಸಾಯುವುದಿಲ್ಲವಾ ಅಂತ ನೀವು ಕೇಳುತ್ತೀರಿ. ಕೇಳಲೇಬೇಕು. ಅದಕ್ಕೆ ಕಣ್ಣು ನೋಡುವುದನ್ನು ಕಲಿಯಿರಿ. ಕುರಿಗಾಗಿ ದಕ್ಷಿಣ ಆಫ್ರಿಕಾದಲ್ಲಿ ಮಾಡಿದ ಫಮಾಚಾ ಅನ್ನುವ ಐದು ಬಣ್ಣದ ಪಟ್ಟಿ ಇದೆ, ಆಡಿಗೂ ಬಳಸುತ್ತಾರೆ. ಬಿಸಿಲಿನಲ್ಲಿ ನಿಂತು, ಮೇಲಿನ ರೆಪ್ಪೆಯ ಮೇಲೆ ಹೆಬ್ಬೆರಳಿಟ್ಟು ಕಣ್ಣನ್ನು ಮೆಲ್ಲಗೆ ಒಳಗೆ ಒತ್ತಿ. ಇನ್ನೊಂದು ಹೆಬ್ಬೆರಳಿನಿಂದ ಕೆಳಗಿನ ರೆಪ್ಪೆ ಇಳಿಸಿ. ಒಳಪೊರೆ ಉಕ್ಕಿ ಹೊರಗೆ ಬರುತ್ತದೆ. ಕೆಳರೆಪ್ಪೆಯ ಒಳಮೈ ಬಣ್ಣ ನೋಡಿ, ಕ್ಷಣದಲ್ಲೇ ನೋಡಿ ಬಿಡಿ, ಜಾಸ್ತಿ ಹೊತ್ತು ಹಿಡಿದರೆ ಕೆಂಪೇರಿ ಮೋಸವಾಗುತ್ತದೆ. 1 ಅಂದರೆ ಗಾಢ ಕೆಂಪು, 5 ಅಂದರೆ ಸುಣ್ಣದ ಬಿಳುಪು. ಎರಡೂ ಕಣ್ಣು ನೋಡಿ, ಹೆಚ್ಚು ಬಿಳುಪಿರುವುದನ್ನು ಬರೆದುಕೊಳ್ಳಿ. ಆಗಸ್ಟ್‌ನಿಂದ ವಾರಕ್ಕೊಮ್ಮೆ 12ನ್ನೂ ಹಿಡಿದು ನೋಡಿ. 4 ಅಥವಾ 5 ಬಂದರೆ, ಗದ್ದದಲ್ಲಿ ಬಾವು ಕಂಡರೆ, ಅದೇ ದಿನ ಔಷಧ. ಒಂದು ಗಂಟೆಯೂ ಕಾಯಬೇಡಿ. 3 ಇದ್ದು ಮರಿ ಸೊರಗುತ್ತಿದ್ದರೂ ಕುಡಿಸಿ. ಕುಡಿಸಿದ್ದನ್ನು ನೋಟ್‌ಬುಕ್‌ನಲ್ಲಿ ಕೆಂಪು ಶಾಯಿಯಲ್ಲಿ ಬರೆಯಿರಿ. ಮರಿ ಬದುಕಲಿ, ಚೆನ್ನಾಗಿ ಬೆಳೆಯಲಿ, ಆದರೆ ಅದು ಬೀಜದ ಹೋತ ಅಲ್ಲ.

ಇಲ್ಲಿ ಎರಡು ಗುಣಗಳನ್ನು ಬೇರೆ ಮಾಡಿ ನೋಡಬೇಕು. ಕೆಲವು ಹೋತ ಹುಳುವನ್ನು ಒಳಗೆ ನಿಲ್ಲಲು ಬಿಡುವುದಿಲ್ಲ. ಅದರ ಹಿಕ್ಕೆಯಲ್ಲಿ ಮೊಟ್ಟೆ ಕಡಿಮೆ. ಕೆಲವು ಹುಳು ಹೊತ್ತುಕೊಂಡೇ ಗಟ್ಟಿ ಇರುತ್ತವೆ. ಮೊಟ್ಟೆ 2,000 ಇದ್ದರೂ ಕಣ್ಣು ಕೆಂಪು, ತೂಕ ಏರುತ್ತಲೇ ಇರುತ್ತದೆ. ಎರಡನೆಯದು ನೋಡಲು ಚೆನ್ನ, ಆದರೆ ದಿನವೂ ನಿಮ್ಮ ಬದುವಿನ ಮೇಲೆ ಲಕ್ಷಗಟ್ಟಲೆ ಮೊಟ್ಟೆ ಚೆಲ್ಲುತ್ತಾ ಹೋಗುತ್ತದೆ. ಅದನ್ನು ತಿನ್ನುವುದು ಬಾಣಂತಿ ಆಡುಗಳು ಮತ್ತು ಎಳೆಮರಿಗಳು. ಬೀಜಕ್ಕೆ ನಾನು ಮೊದಲನೆಯದನ್ನೇ ಹಿಡಿಯುತ್ತೇನೆ.

ಯಾದಗಿರಿ ಕಡೆಯ ಓದುಗರಿಗೂ ಒಂದು ಮಾತು ಸೇರಿಸುತ್ತೇನೆ. ಶಹಾಪುರ, ಸುರಪುರದ ಕಾಲುವೆ ನೀರಿನ ಬದಿಯಲ್ಲಿ ಮೇಯುವ ಆಡುಗಳಿಗೆ ಪಿತ್ತಕೋಶದ ಚಪ್ಪಟೆ ಹುಳು ಸೇರಬಹುದು. ಅದು ನೀರಿನ ಬಸವನಹುಳುವಿನ ಮೂಲಕ ಬರುತ್ತದೆ. ಅದರಿಂದಲೂ ಕಣ್ಣು ಬಿಳುಚುತ್ತದೆ, ಗದ್ದದಲ್ಲಿ ಬಾವು ಬರುತ್ತದೆ. ಆದರೆ ಅದರ ಮೊಟ್ಟೆ ಭಾರ, ಉಪ್ಪುನೀರಿನಲ್ಲಿ ತೇಲುವುದಿಲ್ಲ. ಮೊಟ್ಟೆ ಸಂಖ್ಯೆ ಕಡಿಮೆ, ಕಣ್ಣು ಬಿಳಿ ಅಂತ ಬಂದರೆ ಲ್ಯಾಬಿನವರಿಗೆ ಹೇಳಿ ಅಡಿಗೆ ಕೂರಿಸುವ ಪರೀಕ್ಷೆಯನ್ನೂ ಮಾಡಿಸಿ. ಎಳೆಮರಿಗಳ ನೀರಾದ ಭೇದಿಗೆ ಕಾಕ್ಸಿಡಿಯಾ ಅನ್ನುವ, ಕಣ್ಣಿಗೆ ಕಾಣದ ಕರುಳಿನ ಜೀವಿಯೂ ಕಾರಣ ಇರಬಹುದು. ಅದಕ್ಕೆ ಜಂತಿನ ಔಷಧ ಕೆಲಸ ಮಾಡುವುದಿಲ್ಲ.

84 ದಿನ ಮುಗಿದವು ಅಂದುಕೊಳ್ಳಿ. ಒಂದು ಉದಾಹರಣೆ ಲೆಕ್ಕ ನೋಡೋಣ. ಗುಂಪಿನ ಸರಾಸರಿ ಬೆಳವಣಿಗೆ ದಿನಕ್ಕೆ 66 ಗ್ರಾಂ ಇರಲಿ. 7ನೇ ನಂಬರ್ ಒಂಟಿ ಮರಿ, 15.8 ಕೆಜಿಯಿಂದ 22.9ಕ್ಕೆ ಏರಿದೆ, ದಿನಕ್ಕೆ 85 ಗ್ರಾಂ. ಮೊಟ್ಟೆ ಸರಾಸರಿ 2,400, ಸೆಪ್ಟೆಂಬರ್‌ನಲ್ಲಿ ಒಂದು ಸಲ ಔಷಧ ಕುಡಿದಿದೆ. 3ನೇ ನಂಬರ್ 14.2ರಿಂದ 20.6ಕ್ಕೆ, 76 ಗ್ರಾಂ, ಮೊಟ್ಟೆ 900, ಕಣ್ಣು 2 ಮತ್ತು 3ರ ನಡುವೆ. 9ನೇ ನಂಬರ್ ಅವಳಿ, 12.6ರಿಂದ 18.7ಕ್ಕೆ, 73 ಗ್ರಾಂ, ಮೊಟ್ಟೆ 350, ಕಣ್ಣು ಕೊನೆಯ ತನಕ 2. ಸಂತೆಯಲ್ಲಿ ಎಲ್ಲರ ಕೈ 7ರ ಮೇಲೆ ಹೋಗುತ್ತದೆ. ನಾನಾದರೆ 9ನ್ನು ಇಟ್ಟುಕೊಳ್ಳುತ್ತೇನೆ. ಅದರ ಸೊಂಟ, ತೊಡೆಯ ಅಂಕ 3 ಅಥವಾ ಮೇಲೆ ಇರಬೇಕು, ಅಷ್ಟೇ. ಎರಡನೆಯದಾಗಿ 3ನೇ ನಂಬರ್.

ಎಲ್ಲ ಅಂಕಗಳನ್ನು ಕೂಡಿಸಿ ಒಂದೇ ಸಂಖ್ಯೆ ಮಾಡುವವರೂ ಇದ್ದಾರೆ. 12 ಮರಿಗೆ ಅದು ಬೇಡ. ಜರಡಿ ಹಿಡಿಯಿರಿ. ಔಷಧ ಕುಡಿದದ್ದು ಹೊರಗೆ. ಬೆಳವಣಿಗೆ ಸರಾಸರಿಗಿಂತ ಕೆಳಗಿನದು ಹೊರಗೆ. ದವಡೆ ಮೇಲೆ ಕೆಳಗೆ ಕೂಡದ್ದು, ಒಂದೇ ಬೀಜ (ವೃಷಣ) ಇಳಿದದ್ದು, ಎರಡು ಬೀಜ ಸಮ ಇಲ್ಲದ್ದು, ಹಿಂಗಾಲು ಬಾಗಿದ್ದು ಹೊರಗೆ. ಉಳಿದದ್ದರಲ್ಲಿ ಮೊಟ್ಟೆ ಕಡಿಮೆ, ಮಾಂಸ ತುಂಬು ಇರುವುದು ಒಳಗೆ. ಹೊಟ್ಟೆಯ ಹುಳು ತಡೆಯದ ಹೋತದ 85 ಗ್ರಾಂ ಕೂಡ ಔಷಧದ ಬಾಟಲಿಯಿಂದ ಬಂದದ್ದು ಅನ್ನುವುದನ್ನು ಮರೆಯಬೇಡಿ.

ಬೋಯರ್ ವಿಷಯ ನೇರವಾಗಿ ಹೇಳಿಬಿಡುತ್ತೇನೆ. ದಕ್ಷಿಣ ಆಫ್ರಿಕಾದ ಈ ತಳಿಗೆ ಮಾಂಸ ತುಂಬುವ ಗುಣ ನಿಜವಾಗಿ ಇದೆ. ಆದರೆ ಅಮೆರಿಕದ ಟೆನ್ನೆಸ್ಸೀ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಬೋಯರ್, ಕಿಕೊ, ಸ್ಪ್ಯಾನಿಷ್ ಆಡುಗಳನ್ನು ಒಂದೇ ಬಯಲಿನಲ್ಲಿ ವರ್ಷಗಟ್ಟಲೆ ಹೋಲಿಸಿದಾಗ ಹುಳು, ಬಾಳಿಕೆ, ಮರಿ ಉಳಿಸುವುದು ಇವುಗಳಲ್ಲಿ ಬೋಯರ್ ಹಿಂದೆ ಬಿತ್ತು. ನಿಮ್ಮ ಹಿಂಡಿನಲ್ಲಿ ಏನಾಗುತ್ತದೆ ಅನ್ನುವುದಕ್ಕೆ ಬೇರೆಯವರ ಮಾತು ಬೇಡ. ಆ 5 ಮರಿ, ಈ 7 ಮರಿ ಒಂದೇ ಬದುವಿನಲ್ಲಿ ಮೇಯುತ್ತಿವೆ. ಸರಾಸರಿಗಳನ್ನು ಪಕ್ಕಪಕ್ಕ ಇಡಿ. ಐದು ಮರಿಯಲ್ಲಿ ಒಂದು ಮೂರೂ ಜರಡಿ ದಾಟಿ ಬಂದರೆ ಅದನ್ನು ಇಟ್ಟುಕೊಳ್ಳಲು ನನ್ನ ಅಭ್ಯಂತರ ಇಲ್ಲ. ಒಂದು ಮಾತು ಮಾತ್ರ: ನಮ್ಮ ಉಸ್ಮಾನಾಬಾದಿ, ಪಕ್ಕದ ಬೀದರ್ ಸೀಮೆಯ ಬಿದರಿ ಆಡು ಈ ಬಿಸಿಲು, ಈ ಎರೆನೆಲದಲ್ಲಿ ಉಳಿದು ಬಂದವು. ಬಿದರಿಯನ್ನು ಈಗ ಕರ್ನಾಲ್‌ನ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಬ್ಯೂರೋ ಪ್ರತ್ಯೇಕ ತಳಿ ಅಂತ ನೋಂದಾಯಿಸಿದೆ. ಇವುಗಳಲ್ಲಿ ಒಳ್ಳೇದನ್ನು ಆರಿಸುವ ಕೆಲಸವನ್ನೇ ನಾವು ಸರಿಯಾಗಿ ಶುರುಮಾಡಿಲ್ಲ. ಹೊರಗಿನದು ತರುವ ದುಡ್ಡಿನಲ್ಲಿ ತಕ್ಕಡಿ ಬರುತ್ತದೆ.

12 ಮರಿಯ ಗುಂಪು ಚಿಕ್ಕದು ಅನ್ನುವುದೂ ನಿಜ. ನಿಮ್ಮ ಊರಿನ ನಾಲ್ಕೈದು ಮನೆಯವರು ಸೇರಿ ತಲಾ ಐದಾರು ಹೋತಮರಿ ಒಟ್ಟಿಗೆ ಮೇಯಲು ಬಿಟ್ಟರೆ ಪರೀಕ್ಷೆಗೆ ಬೇರೆಯೇ ಬಲ ಬರುತ್ತದೆ. ಆಯ್ಕೆಗೆ 25, 30 ಮರಿ ಸಿಗುತ್ತವೆ. ಜೊತೆಗೆ ಗೆದ್ದ ಹೋತಗಳನ್ನು ಮನೆಯಿಂದ ಮನೆಗೆ ಬದಲಿಸಿಕೊಳ್ಳಬಹುದು. ಇಲ್ಲದಿದ್ದರೆ ನಿಮ್ಮಲ್ಲೇ ಹುಟ್ಟಿದ ಹೋತ ತಾಯಿಯ ಮೇಲೆ, ಅಕ್ಕತಂಗಿಯರ ಮೇಲೆ ಏರುತ್ತದೆ. ಒಳಸಂಬಂಧದ ಮರಿ ಸಣ್ಣದಾಗಿ ಹುಟ್ಟುತ್ತವೆ, ಸಾಯುವುದೂ ಜಾಸ್ತಿ. ನಿಮ್ಮ 9ನೇ ನಂಬರ್ ಪಕ್ಕದ ಮನೆಗೆ, ಅವರದ್ದು ನಿಮ್ಮ ಮನೆಗೆ. ಒಟ್ಟಿಗೆ ಬಿಡುವ ಮೊದಲು ಎಲ್ಲಕ್ಕೂ ಲಸಿಕೆ ಆಗಿರಲಿ, ಎರಡು ಮೂರು ವಾರ ಬೇರೆ ಕಟ್ಟಿ ನೋಡಿ. ಬೀಜಕ್ಕೆ ಹೋಗುವ ಹೋತಗಳ ರಕ್ತ ತೆಗೆದು ಬ್ರುಸೆಲ್ಲಾ (ಗರ್ಭ ಹೋಗುವ ರೋಗ) ಪರೀಕ್ಷೆಯನ್ನೂ ಮಾಡಿಸಿ. ಅದು ಮನುಷ್ಯರಿಗೂ ಬರುವ ರೋಗ.

ಆರಿಸಿದ ಹೋತವನ್ನು ಒಂದು ವರ್ಷ ತುಂಬುವ ತನಕ ಜಾಸ್ತಿ ದುಡಿಸಬೇಡಿ. ಆಮೇಲೆ 25, 30 ಆಡಿಗೆ ಒಂದರಂತೆ ಬಿಡಿ. ನಿಮ್ಮ 60ಕ್ಕೆ ಎರಡು ಬೇಕು. ಎರಡು ವರ್ಷಕ್ಕೆ ಬದಲಿಸಿ, ಮಗಳ ಮೇಲೆ ಅಪ್ಪ ಏರಬಾರದು. ಅದರ ಮರಿಗಳು ಮೊದಲ ಮಳೆಗಾಲ ದಾಟುವಾಗ ಮತ್ತೆ ಕಣ್ಣು ನೋಡಿ, ಹಿಕ್ಕೆ ಕಳಿಸಿ. ಹೋತದ ಅಂಕ ಅದರ ಮರಿಗಳ ಮೈಮೇಲೆ ಕಾಣದಿದ್ದರೆ ಆ ಹೋತವನ್ನು ಬಿಟ್ಟುಬಿಡಿ.

ಉಳಿದ ಹತ್ತು ಹೋತಗಳಿಂದ ನಷ್ಟ ಆಗುತ್ತದೆ ಅನ್ನುವ ಚಿಂತೆ ಬೇಡ. ಕುರ್ಬಾನಿಗೆ ಆಡು ಒಂದು ವರ್ಷ ತುಂಬಿರಬೇಕು. ಬಕ್ರೀದ್ ಪ್ರತಿ ವರ್ಷ ಸುಮಾರು 11 ದಿನ ಮುಂಚೆ ಬರುತ್ತದೆ, ಸದ್ಯಕ್ಕೆ ಮೇ ತಿಂಗಳ ಆಸುಪಾಸು. ಜನವರಿಯಲ್ಲಿ ಹುಟ್ಟಿ, ಸೆಪ್ಟೆಂಬರ್‌ಗೆ ಪರೀಕ್ಷೆ ಮುಗಿಸಿದ ಹೋತಕ್ಕೆ ಮುಂದಿನ ಹಬ್ಬದ ಹೊತ್ತಿಗೆ 15, 16 ತಿಂಗಳು ಆಗಿರುತ್ತದೆ. ಅಕ್ಟೋಬರ್‌ನಲ್ಲಿ ಆ ಹತ್ತಕ್ಕೂ ಬೇಕಾದರೆ ಔಷಧ ಕುಡಿಸಿ, ಜೋಳದ ಕಣಿಕೆ, ತೊಗರಿ ಹೊಟ್ಟು, ಚುನ್ನಿ ಜಾಸ್ತಿ ಮಾಡಿ ಕೊಬ್ಬಿಸಿ. ಔಷಧ ಕುಡಿಸಿದ ಮೇಲೆ ಮಾಂಸಕ್ಕೆ ಎಷ್ಟು ದಿನ ಬಿಡಬೇಕು ಅಂತ ಡಬ್ಬಿಯ ಮೇಲೆ ಬರೆದಿರುತ್ತದೆ, ಅಷ್ಟು ದಿನ ಮುಗಿಯುವ ಮೊದಲು ಮಾರಬೇಡಿ. 7ನೇ ನಂಬರ್‌ಗೆ ಆ ಸಂತೆಯಲ್ಲಿ ಒಳ್ಳೆ ರೇಟು ಬರುತ್ತದೆ. ಅದನ್ನು ಕೊಡಿ. ವ್ಯಾಪಾರಿ 9ನ್ನೂ ಕೇಳುತ್ತಾನೆ, ಅದನ್ನು ಕೊಡಬೇಡಿ.